ನಿಸ್ತಂತುವಿಗೊಂದು ತಂತು

ಸಮುದ್ರದಾಚೆಯಿಂದ ಸಾವಿರಾರು ಮೈಲಿಗಳನ್ನು ನಿರ್ವಿಘ್ನವಾಗಿ ದಾಟಿ ಬಂದ ಮಾತು, ಮನೆಯ ಹಿತ್ತಿಲಿನ ನೂರು ಅಡಿಗಳನ್ನು ದಾಟಲಾರದೆ ನಿಂತುಹೋಗುವುದುಂಟೆಂದರೆ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಬೆಂಗಳೂರಿನ ರಾಜರಾಜೇಶ್ವರಿನಗರದ ಒಂದು ಸಂಸಾರದಲ್ಲಿ ಇದು ನಡೆದ ಸಂಗತಿ. ಅದರ ಕಾರಣವನ್ನು ಹುಡುಕಹೊರಟ ಆ ಮನೆಯವರಿಗೆ ಯಂತ್ರದ ವಿಷಯವೂ ತಿಳಿಯಿತು. ಯಂತ್ರಕ್ಕೆ ಸೇರದ ಇನ್ನೊಂದು ವಿಷಯವೂ ತಿಳಿಯಿತು.

ರಾಜರಾಜೇಶ್ವರಿನಗರವನ್ನು ಕಂಡವರಿಗೆ ಅಲ್ಲಿಯ ನೆಲದ ಸ್ವಭಾವ ಗೊತ್ತಿರುವುದು. ಮೈಸೂರು ರಸ್ತೆಯ ಕಮಾನನ್ನು ಹೊಕ್ಕು ಅಮ್ಮನವರ ದೇವಾಲಯದ ಕಡೆಗೆ ನಡೆದರೆ ದಾರಿ ಏರುತ್ತಲೂ ಇಳಿಯುತ್ತಲೂ ಸಾಗುವುದು. ಪಟ್ಟಣಗೆರೆ, ಹಲಗೆವಡೇರಹಳ್ಳಿ, ಚನ್ನಸಂದ್ರ ಮೊದಲಾದ ಗ್ರಾಮಗಳ ಹೊಲಗಳೂ ಕಲ್ಲುದಿಬ್ಬಗಳೂ ಬಡಾವಣೆಗಳಾದುವು. ೨೦೦೭ರಲ್ಲಿ ಊರು ಬೆಂಗಳೂರಿನ ಮಹಾನಗರಪಾಲಿಕೆಯ ಎಲ್ಲೆಯೊಳಕ್ಕೆ ಸೇರಿತು. ೨೦೨೧ರಲ್ಲಿ ಮೆಟ್ರೋ ರೈಲೂ ಬಂದಿತು. ಆದರೂ ನೆಲದ ಏರಿಳಿತ ಎಲ್ಲಿಗೂ ಹೋಗಲಿಲ್ಲ. ಒಂದು ಬೀದಿಯ ಮನೆಯ ಹಿತ್ತಿಲು ಮುಂದಿನ ಬೀದಿಯ ಮನೆಯ ಮಾಳಿಗೆಗೆ ಸಮನಾಗಿರುವುದನ್ನು ಅಲ್ಲಿ ಹಲವೆಡೆ ನೋಡಬಹುದು.

ಇಂಥ ಇಳಿಜಾರಿನಲ್ಲಿ, ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಗೃಹಸ್ಥರೊಬ್ಬರು ಬೆನ್ನಿಗೆ ಬೆನ್ನಾಗಿರುವ ಎರಡು ನಿವೇಶನಗಳನ್ನು ಕೊಂಡಿದ್ದರು. ಒಂದೊಂದೂ ೪೦ ಅಡಿ ಅಗಲ, ೬೦ ಅಡಿ ಉದ್ದ. ಮೇಲಿನ ಬೀದಿಯ ಮನೆಯನ್ನು ಅವರೇ ಕಟ್ಟಿಸಿದರು. ಕೆಳಗಿನ ಬೀದಿಯದನ್ನು ಕಿರಿಯ ಮಗ ಆಮೇಲೆ ಕಟ್ಟಿಸಿಕೊಂಡನು. ಎರಡರ ನಡುವೆ ಮಣ್ಣನ್ನು ತಡೆಯಲು ಎತ್ತರವಾದ ಒಂದು ಕಲ್ಲಿನ ಗೋಡೆ. ಅದರ ಒಂದು ಮೂಲೆಯಲ್ಲಿ ಕಬ್ಬಿಣದ ಚಿಕ್ಕ ಬಾಗಿಲು. ಬಾಗಿಲಿನಿಂದ ಕೆಳಕ್ಕೆ ಎಂಟು ಮೆಟ್ಟಿಲು. ಗೋಡೆಯ ಪಕ್ಕದಲ್ಲಿ ಯಜಮಾನರು ತಮ್ಮ ಕೈಯಾರೆ ನೆಟ್ಟ ಮಾವಿನ ಮರ.

ಯಜಮಾನರು ಕಾಲವಾದ ಮೇಲೆ ಪಾಲು ಆಯಿತು. ಜಗಳವೇನೂ ಆಗಲಿಲ್ಲ. ಕೊಳವೆಬಾವಿಯನ್ನು ಮಾತ್ರ ಸಮವಾಗಿಟ್ಟುಕೊಂಡು ಉಳಿದುದನ್ನು ಕಾಗದದ ಮೇಲೆ ಬರೆದು ಇಬ್ಬರೂ ರುಜು ಮಾಡಿದರು. ಬೀದಿನಾಯಿಗಳು ನುಗ್ಗುತ್ತವೆಂಬ ಕಾರಣದಿಂದ ಚಿಕ್ಕ ಬಾಗಿಲಿಗೆ ಒಂದು ದಿನ ಬೀಗ ಬಿದ್ದಿತು. ಬಳಿಕ ಬೀಗದ ಕೈ ಎಲ್ಲಿದೆಯೆಂದು ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ವೃದ್ಧೆಯಾದ ತಾಯಿ, ಮೆಟ್ಟಿಲು ಹತ್ತುವ ತೊಂದರೆ ಇಲ್ಲವೆಂದು ಕಿರಿಯ ಮಗನ ಮನೆಯಲ್ಲಿ ಇರುತ್ತಿದ್ದರು. ಹಿರಿಯ ಮಗ ಪ್ರತಿ ಭಾನುವಾರ ಬೀದಿಯನ್ನು ಬಳಸಿಕೊಂಡು ಬಂದು, ಯೋಗಕ್ಷೇಮ ವಿಚಾರಿಸಿ, ಮಾಡಬೇಕಾದುದನ್ನು ಹೇಳಿ ಹೋಗುವರು. ಹೇಳುವುದು ಅವರ ಸ್ವಭಾವ. ಕೇಳಿ ಸುಮ್ಮನಿರುವುದು ತಮ್ಮನ ಸ್ವಭಾವ.

ಈ ಸೋದರರ ತಂಗಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿರುವಳು. ದಿನಕ್ಕೊಮ್ಮೆ ತಾಯಿಯ ಮುಖ ನೋಡಿ ಮಾತನಾಡದಿದ್ದರೆ ಅವಳಿಗೂ ಸಮಾಧಾನವಿಲ್ಲ, ತಾಯಿಗೂ ಸಮಾಧಾನವಿಲ್ಲ. ೨೦೨೦ರಲ್ಲಿ ಜನರೆಲ್ಲ ಮನೆಯೊಳಗೇ ಇರಬೇಕಾಗಿ ಬಂದಾಗ ಅಣ್ಣನ ಮನೆಗೆ ಅಂತರ್ಜಾಲದ ಒಳ್ಳೆಯ ಸಂಪರ್ಕ ಬಂದಿತು. "ಅಮ್ಮನಿಗೆ ನಮ್ಮ ಮನೆಯದೇ ಸಾಕು, ಬೇರೆಯದೇಕೆ?" ಎಂದು ಅಣ್ಣನವರು ಔದಾರ್ಯದಿಂದಲೇ ಹೇಳಿದರು. ಬೇರೆಯದನ್ನು ತರಿಸುವುದು ತಮ್ಮನಿಗೆ ಕಷ್ಟದ ಕೆಲಸವಾಗಿರಲಿಲ್ಲ. ಆದರೆ ಅಣ್ಣನ ಮಾತನ್ನು ತಳ್ಳಿದಂತಾಗುವುದೆಂದು ಒಪ್ಪಿಕೊಂಡನು. ಎಲ್ಲವೂ ಎರಡಾದ ಮೇಲೆ ಇದೊಂದಾದರೂ ಒಂದಾಗಿರಲೆಂದು ತಾಯಿಯ ಮನಸ್ಸಿನಲ್ಲಿಯೂ ಇದ್ದಿತು.

ಆದರೆ ಕೆಳಗಿನ ಮನೆಯಲ್ಲಿ ಮಾತು ನಿಲ್ಲಲಿಲ್ಲ. ಚಿತ್ರ ಒಮ್ಮೆ ಬರುವುದು, ಒಮ್ಮೆ ಸ್ತಬ್ಧವಾಗುವುದು. ತಮ್ಮನು ಇದನ್ನು ಎರಡು ಮೂರು ಸಲ ಹೇಳಿದನು. ಅಣ್ಣನವರು ಬಂದು ತಮ್ಮ ಫೋನನ್ನು ಹಿಡಿದು ನೋಡಿ, "ಎರಡು ಗೆರೆ ಕಾಣುತ್ತದಲ್ಲ, ಸ್ವಲ್ಪ ಕಿಟಕಿಯ ಹತ್ತಿರ ಕುಳಿತರಾಯಿತು" ಎಂದರು. ಮತ್ತೆ ಹೇಳಿದಾಗ, ಬೇಸರಪಡದೆ, ಹೆಚ್ಚು ಬೆಲೆಯ, ಹೆಚ್ಚು ಬಲದ ರೂಟರ್ ಒಂದನ್ನು ತಂದು ತಮ್ಮ ನಡುಮನೆಯಲ್ಲಿ ಇಟ್ಟರು. ಅಂದಿನಿಂದ ಕೆಳಗಿನ ಮನೆಯಲ್ಲಿ ಗೆರೆಗಳೆಲ್ಲ ತುಂಬಿ ಕಾಣತೊಡಗಿದುವು. "ಇನ್ನು ದೂರುವುದಕ್ಕೇನೂ ಇಲ್ಲ" ಎಂದು ಅಣ್ಣನವರು ನಿಶ್ಚಿಂತರಾದರು. ಮಾತು ಇನ್ನೂ ಕಡಿಯುತ್ತಿದ್ದರೂ ತಮ್ಮನು ಮತ್ತೆ ಹೇಳಲಿಲ್ಲ.

ಗೌರಿಹಬ್ಬದ ದಿನ ಬಂದಿತು. ಪೂಜೆಯಾದ ಮೇಲೆ ತಾಯಿ ಆರತಿಯ ಹಾಡು ಹೇಳುವುದು ಆ ಮನೆಯ ಪದ್ಧತಿ. ಮಗಳು ದೂರದಲ್ಲಿರುವಾಗಲೂ ಅದು ತಪ್ಪಿರಲಿಲ್ಲ. ಅಂದು ಅಣ್ಣನವರ ಸಂಸಾರವೂ ಬಂದಿದ್ದಿತು. ಫೋನನ್ನು ದೇವರ ಮುಂದೆ ಒರಗಿಸಿಟ್ಟರು. ಮಗಳು ರೇಷ್ಮೆಯ ಸೀರೆಯುಟ್ಟು ಕುಳಿತಿರುವುದು ಸ್ಪಷ್ಟವಾಗಿ ಕಂಡಿತು. ಅವಳ ಮಾತೂ ಸ್ಪಷ್ಟವಾಗಿ ಕೇಳಿಸಿತು. ತಾಯಿ ಕಣ್ಣು ಮುಚ್ಚಿಕೊಂಡು, ನಡುಗುವ ದನಿಯಲ್ಲಿ ಹಾಡನ್ನು ಮೊದಲಿನಿಂದ ಕಡೆಯವರೆಗೆ ಹೇಳಿ ಮುಗಿಸಿ, ಮಗಳ ಮುಖ ನೋಡಿದರು. ಮಗಳು ಇನ್ನೂ ಕಾದುಕೊಂಡು ಕುಳಿತಿದ್ದವಳು, "ಅಮ್ಮಾ, ಹಾಡು ಯಾವಾಗ ಹೇಳುತ್ತೀಯೆ?" ಎಂದು ಕೇಳಿದಳು.

ಯಾರೂ ಮಾತನಾಡಲಿಲ್ಲ. ತಾಯಿಯೇ ನಕ್ಕು, "ಇನ್ನೊಂದು ಸಲ ಹೇಳಿದರಾಯಿತು" ಎಂದರು. ಆದರೆ ಉಸಿರು ಸಾಲಲಿಲ್ಲ. ಅಣ್ಣನವರು ಫೋನನ್ನು ಎತ್ತಿಕೊಂಡು ನೋಡಿದರು. ಗೆರೆಗಳು ತುಂಬಿಯೇ ಇದ್ದುವು.

ಈ ಗೆರೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಲ್ಲಿ ವಿಚಾರಿಸಬೇಕು. ವೈಫೈ ಎಂದು ಎಲ್ಲರೂ ಕರೆಯುವ ನಿಸ್ತಂತು ವ್ಯವಸ್ಥೆಯ ಅಲೆಗಳು ಬಾನುಲಿಯ ಅಲೆಗಳ ಕುಲಕ್ಕೇ ಸೇರಿದುವು. ಸಾಮಾನ್ಯವಾಗಿ ಮನೆಗಳಲ್ಲಿ ಎರಡು ಬಗೆಯ ಅಲೆಗಳು ಬಳಕೆಯಲ್ಲಿವೆ. ಮೊದಲನೆಯದು ಸೆಕೆಂಡಿಗೆ ೨೪೦ ಕೋಟಿ ಸಲ ಸ್ಪಂದಿಸುವುದು. ಅದರ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಎರಡನೆಯದು ೫೦೦ ಕೋಟಿಗೂ ಹೆಚ್ಚು ಸಲ ಸ್ಪಂದಿಸುವುದು. ಅದರ ಉದ್ದ ಆರು ಸೆಂಟಿಮೀಟರಿಗಿಂತಲೂ ಸ್ವಲ್ಪ ಕಡಿಮೆ. ಮೊದಲನೆಯದು ಗೋಡೆಗಳನ್ನು ಅಷ್ಟಿಷ್ಟು ದಾಟುವುದು. ಎರಡನೆಯದು ಹೆಚ್ಚು ಹೊರೆಯನ್ನು ಹೊರುವುದಾದರೂ ಗೋಡೆಗೆ ಬೇಗ ಸೋಲುವುದು. ಇಂಥ ಕಿರಿಯ ಅಲೆಗಳನ್ನು ಗೋಡೆ ದಾಟಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಆಚಾರ್ಯ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಗೋಡೆಯಾಚೆಗೆ ಅಲೆಗಳನ್ನು ಕಳುಹಿಸಿ, ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರು.

ಶಬ್ದವು ಹುಟ್ಟಿದೆಡೆಯಿಂದ ಕಿವಿಗೆ ಬರುವ ಬಗೆಯನ್ನು ಹೇಳುವಾಗ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಕೊಡುವರು. ನೀರಿನಲ್ಲಿ ಒಂದು ತೆರೆ ಮತ್ತೊಂದನ್ನು ಎಬ್ಬಿಸುತ್ತ ಬರುವುದು ವೀಚೀತರಂಗನ್ಯಾಯ; ಕದಂಬದ ಹೂವಿನ ಕೇಸರಗಳಂತೆ ಎಲ್ಲ ದಿಕ್ಕಿಗೂ ಒಮ್ಮೆಗೇ ಹೊರಡುವುದು ಕದಂಬಗೋಲಕನ್ಯಾಯ. ಮನೆಯ ರೂಟರು ಕದಂಬದ ಹೂವಿನಂಥದು. ಸುತ್ತಲೂ ಹರಡುವುದರಿಂದ ಯಾವ ಒಂದು ದಿಕ್ಕಿಗೂ ದೊರಕುವ ಪಾಲು ಸ್ವಲ್ಪವೇ. ಆ ಸ್ವಲ್ಪವೂ ಅಣ್ಣನ ಅಡಿಗೆಮನೆಯ ಗೋಡೆ, ಕಬ್ಬಿಣ ಹೆಣೆದ ಕಾಂಕ್ರೀಟಿನ ತಳ, ತೇವದ ಮಣ್ಣನ್ನು ಹೊತ್ತ ಕಲ್ಲಿನ ತಡೆಗೋಡೆ, ತಮ್ಮನ ಮನೆಯ ಗೋಡೆ, ಇಷ್ಟನ್ನೂ ಓರೆಯಾಗಿ ದಾಟಬೇಕು. ಕಬ್ಬಿಣವು ಅಲೆಯನ್ನು ಹಿಂದಕ್ಕೆ ಕಳುಹಿಸುವುದು. ನೀರು ಅದನ್ನು ಹೀರಿಕೊಳ್ಳುವುದು.

ರೂಟರಿನ ಬಲವನ್ನು ಹೆಚ್ಚಿಸಿದರೆ ಇವೆಲ್ಲವನ್ನೂ ದಾಟಿ ಅದರ ದನಿ ಕೆಳಗಿನ ಮನೆಯ ಫೋನಿಗೆ ಮುಟ್ಟುವುದು ನಿಜ. ಫೋನಿನ ಮೇಲೆ ಕಾಣುವ ಗೆರೆಗಳು ಇಷ್ಟನ್ನೇ ಹೇಳುವುವು: ರೂಟರಿನ ದನಿ ಇಲ್ಲಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು. ಇಲ್ಲಿಯ ಫೋನಿನ ದನಿ ಅಲ್ಲಿಯ ರೂಟರಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಅವು ಹೇಳಲಾರವು. ಅಂಗೈಯಷ್ಟು ಪೆಟ್ಟಿಗೆಯಲ್ಲಿ, ಚಿಕ್ಕದೊಂದು ಬ್ಯಾಟರಿಯಿಂದ ದಿನವೆಲ್ಲ ಬಾಳಬೇಕಾದ ಫೋನಿನ ದನಿ ಸಹಜವಾಗಿ ಸಣ್ಣದು. ರೂಟರಿಗೆ ಹೆಚ್ಚು ಬಲ ಬಂದಿತೆಂದು ಫೋನಿಗೆ ಬಲ ಬರುವುದಿಲ್ಲ.

ಅಣ್ಣನವರಿಗೆ ಇದನ್ನು ಬಿಡಿಸಿ ಹೇಳಿದವನು ಕೇಬಲ್ ಎಳೆಯುವ ಕೆಲಸದ ಒಬ್ಬ ಹುಡುಗ. ಹಬ್ಬದ ಮರುದಿನ ಕರೆದಾಗ ಅವನು ಮೊದಲು ಕೆಳಗಿನ ಮನೆಗೆ ಹೋಗಿ, ವೃದ್ಧೆಯ ಮುಂದೆ ಕುಳಿತು, "ಅಜ್ಜೀ, ನಿಮಗೆ ಅವರ ಮಾತು ಕೇಳುವುದಿಲ್ಲವೋ, ಅವರಿಗೆ ನಿಮ್ಮ ಮಾತು ಕೇಳುವುದಿಲ್ಲವೋ?" ಎಂದು ಕೇಳಿದನು. "ಅವಳ ಮಾತೆಲ್ಲ ನನಗೆ ಕೇಳುತ್ತದಪ್ಪ, ನನ್ನದೇ ಅವಳಿಗೆ ಮುಟ್ಟುವುದಿಲ್ಲ" ಎಂದರು ತಾಯಿ. ಹುಡುಗನು ಅಣ್ಣನ ಕಡೆಗೆ ತಿರುಗಿ, "ಸಾರ್, ಮೇಲಿಂದ ನೀವು ಎಷ್ಟು ಜೋರಾಗಿ ಕೂಗಿದರೂ, ಇವರು ಮೆಲ್ಲಗೆ ಹೇಳಿದ್ದು ನಿಮಗೆ ಕೇಳಬೇಕಲ್ಲ!" ಎಂದನು. ಅವನು ಯಂತ್ರದ ವಿಷಯವನ್ನೇ ಹೇಳಿದ್ದು. ತಮ್ಮನು ನೆಲ ನೋಡುತ್ತ ನಿಂತಿದ್ದನು. ಅಣ್ಣನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀನು ಹೇಳುತ್ತಿದ್ದುದು ನಿಜವೇ ಆಗಿತ್ತು" ಎಂದು ತಮ್ಮನಿಗೆ ಹೇಳಿದರು. ತಮ್ಮನು, "ಹೋಗಲಿ ಬಿಡಣ್ಣ" ಎಂದನು.

ಹಳೆಯ ಬಾನುಲಿಗೂ ಈ ನಿಸ್ತಂತುವಿಗೂ ಇರುವ ಭೇದವೇ ಇದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದುದು ಕನ್ನಡಿಗರು ಹೆಮ್ಮೆಯಿಂದ ನೆನೆಯುವ ಸಂಗತಿ. ಆಕಾಶವಾಣಿಯೆಂಬ ಹೆಸರು ಆ ಮನೆಯಿಂದಲೇ ಹೊರಟು ದೇಶದ ಬಾನುಲಿಗೆಲ್ಲ ಬಂದಿತು. ಅವರ ಮೊದಲ ಪ್ರೇಷಕದ ಶಕ್ತಿ ೩೦ ವ್ಯಾಟ್; ಅನಂತರ ೨೫೦ ವ್ಯಾಟಿನದನ್ನು ತರಿಸಿದರು. ಬಲ ಹೆಚ್ಚಿದಂತೆ ದನಿ ಹೆಚ್ಚು ದೂರ ಹೋಯಿತು, ಕೇಳುವವರು ಹೆಚ್ಚಿದರು. ಅಲ್ಲಿ ಅದು ಸರಿಯಾದ ಉಪಾಯ. ಏಕೆಂದರೆ ಕೇಳುವವನು ತನ್ನ ಪೆಟ್ಟಿಗೆಯಿಂದ ಮರುಮಾತು ಹೇಳಬೇಕಾಗಿರಲಿಲ್ಲ. ಮನೆಯ ನಿಸ್ತಂತುವಿನಲ್ಲಿಯಾದರೋ ಪ್ರತಿಯೊಂದು ತುಣುಕಿಗೂ "ಮುಟ್ಟಿತು" ಎಂಬ ಉತ್ತರ ಹಿಂದಕ್ಕೆ ಬರಬೇಕು. ಬಾರದಿದ್ದರೆ ಅದನ್ನೇ ಮತ್ತೆ ಮತ್ತೆ ಕಳುಹಿಸಬೇಕು. ಇದು ಉಪನ್ಯಾಸವಲ್ಲ, ಸಂಭಾಷಣೆ.

ಬಲದ ವಿಷಯದಲ್ಲಿ ಕಾನೂನೂ ಒಂದು ಎಲ್ಲೆಯನ್ನು ಹಾಕಿದೆ. ೧೯೩೩ರ ನಿಸ್ತಂತು ಕಾಯಿದೆಯ ಕಾಲದಲ್ಲಿ ಮನೆಯಲ್ಲಿ ಬಾನುಲಿ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಾಗಿದ್ದಿತು. ಅಂಚೆಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿದುದು ಹಿರಿಯರಿಗೆ ನೆನಪಿರಬಹುದು. ಈಗಿನ ವೈಫೈಗೆ ಆ ಕಟ್ಟಿಲ್ಲ. ಅದರ ಮೊದಲ ಬಗೆಯ ಅಲೆಗಳನ್ನು ೨೦೦೫ರ ಜನವರಿಯಲ್ಲಿಯೂ, ಎರಡನೆಯ ಬಗೆಯ ಅಲೆಗಳಲ್ಲಿ ಬಹುಭಾಗವನ್ನು ೨೦೧೮ರ ಅಕ್ಟೋಬರಿನಲ್ಲಿಯೂ ಸರ್ಕಾರವು ಲೈಸೆನ್ಸಿಲ್ಲದೆ ಒಳಗೂ ಹೊರಗೂ ಬಳಸಲು ಬಿಟ್ಟಿತು. ಆದರೆ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಶಕ್ತಿಗೆ ಮಿತಿಯುಂಟು. ಮೊದಲ ಬಗೆಯಲ್ಲಿ ಪ್ರೇಷಕದ ಶಕ್ತಿ ೧ ವ್ಯಾಟನ್ನು ಮೀರಕೂಡದು. ಕೂಗಾಟದಿಂದ ಕೆಲಸ ಸಾಧಿಸುವ ಮಾರ್ಗ ಹೀಗೆ ಎರಡು ಬಗೆಯಿಂದಲೂ ಮುಚ್ಚಿದೆ.

ಹಾಗಾದರೆ ಉಪಾಯವೇನು? ಹುಡುಗನು ನಾಲ್ಕನ್ನು ಹೇಳಿದನು. ಮೊದಲನೆಯದು, ನಡುವೆ ಒಂದು ಮರುಪ್ರಸಾರದ ಪೆಟ್ಟಿಗೆಯನ್ನು ಇಡುವುದು. ಅದು ಒಂದು ಕಡೆಯಿಂದ ಕೇಳಿ ಇನ್ನೊಂದು ಕಡೆಗೆ ಹೇಳುವುದು. ಅನೇಕರು ಇದನ್ನು ತಂದು ಸಿಗ್ನಲ್ ಬಾರದ ಕೋಣೆಯಲ್ಲಿಯೇ ಇಡುವರು. ತನಗೇ ಕೇಳಿಸದುದನ್ನು ಅದು ಹೇಳುವುದೆಂತು? ಎರಡಕ್ಕೂ ಮಧ್ಯದಲ್ಲಿ, ಚೆನ್ನಾಗಿ ಕೇಳಿಸುವೆಡೆಯಲ್ಲಿ ಇಡಬೇಕು. ತಾಯಿಗೆ ಇದು ಥಟ್ಟನೆ ತಿಳಿಯಿತು: "ಹೊಸ್ತಿಲಲ್ಲಿ ದೀಪವಿಟ್ಟರೆ ಒಳಗೂ ಬೆಳಕು, ಹೊರಗೂ ಬೆಳಕು." ಶಾಸ್ತ್ರದವರು ದೇಹಲೀದೀಪನ್ಯಾಯವೆನ್ನುವುದು ಇದನ್ನೇ. ಆದರೆ ಇಲ್ಲಿ ಮಧ್ಯವೆಂದರೆ ಕಲ್ಲಿನ ಗೋಡೆಯ ಮೇಲ್ಭಾಗ. ಮಳೆಬಿಸಿಲಿಗೆ ತೆರೆದ ಜಾಗ. ಅಲ್ಲದೆ ಒಂದೇ ಬಾಯಿಯಿಂದ ಕೇಳುವುದನ್ನೂ ಹೇಳುವುದನ್ನೂ ಮಾಡುವ ಪೆಟ್ಟಿಗೆಯಲ್ಲಿ ವೇಗವು ಸುಮಾರು ಅರ್ಧಕ್ಕೆ ಇಳಿಯುವುದು.

ಎರಡನೆಯದು, ಎರಡು ಮನೆಗಳ ಗೋಡೆಗಳ ಮೇಲೆ ಒಂದಕ್ಕೊಂದು ಎದುರಾಗಿ ಎರಡು ದಿಗ್ಬದ್ಧ ಸಾಧನಗಳನ್ನು ನಿಲ್ಲಿಸುವುದು. ಇವು ಕದಂಬದಂತೆ ಹರಡದೆ ಒಂದೇ ದಿಕ್ಕಿಗೆ ನುಡಿಯುವುವು. ಇಬ್ಬರ ಬಲವೂ ಸಮನಾದುದರಿಂದ ಹೇಳಿದುದೂ ಕೇಳುವುದು, ಮರುಮಾತೂ ಕೇಳುವುದು. ಆದರೆ ಕಣ್ಣಿಗೆ ಎದುರು ಕಂಡರೆ ಸಾಲದು. ಮೂವತ್ತು ಮೀಟರಿನ ದಾರಿಯಲ್ಲಿ ನಡುವೆ ಸುತ್ತಲೂ ಸುಮಾರು ಎರಡಡಿ ತೆರಪಿರಬೇಕು. ಆ ತೆರಪಿಗೆ ಮಾವಿನ ಮರದ ದೊಡ್ಡ ಕೊಂಬೆ ಅಡ್ಡವಾಗಿದ್ದಿತು. ಅದನ್ನು ಕಡಿಯುವ ಮಾತು ಬಂದಾಗ ತಾಯಿ ಏನನ್ನೂ ಹೇಳಲಿಲ್ಲ. ಎದ್ದು ಒಳಕ್ಕೆ ಹೋದರು. ಮಾತು ಅಲ್ಲಿಗೆ ನಿಂತಿತು.

ಮೂರನೆಯದು ತಾಮ್ರದ ಕೇಬಲ್. ಅದು ೧೦೦ ಮೀಟರಿನವರೆಗೆ ನಡೆಯುವುದು. ಆದರೆ ಎರಡು ಮನೆಗಳಿಗೆ ವಿದ್ಯುತ್ತಿನ ಮೀಟರು ಬೇರೆ, ಭೂಮಿಗೆ ಇಳಿಸಿದ ತಂತಿಯೂ ಬೇರೆ. ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಹತ್ತಿರದಲ್ಲಿ ಸಿಡಿಲು ಬಿದ್ದರೆ ಎರಡು ನೆಲಗಳ ನಡುವೆ ವಿದ್ಯುತ್ತಿನ ಒತ್ತಡದಲ್ಲಿ ವ್ಯತ್ಯಾಸವುಂಟಾಗಿ, ತಾಮ್ರದ ದಾರಿಯನ್ನು ಹಿಡಿದು ಎರಡೂ ಕಡೆಯ ಯಂತ್ರಗಳನ್ನು ಸುಡಬಹುದು. ನಾಲ್ಕನೆಯದು ಗಾಜಿನ ಎಳೆ, ಎಂದರೆ ಫೈಬರ್. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಲೋಹದ ತಂತಿ ಸೇರದ ಬಗೆಯ ಕೇಬಲನ್ನು ಆರಿಸಿಕೊಂಡರೆ ಸಿಡಿಲಿನ ಭಯವಿಲ್ಲ. ಮೆಲ್ಬರ್ನಿನಿಂದ ಕಡಲ ತಳದಲ್ಲಿ ಮಗಳ ಮಾತನ್ನು ಹೊತ್ತು ತರುವುದೂ ಇಂಥ ಗಾಜಿನ ಎಳೆಯೇ. ಕಡಲನ್ನು ದಾಟಿಸಿದುದು ಹಿತ್ತಿಲನ್ನು ದಾಟಿಸದೆ?

ಗಾಜಿನ ಎಳೆಯೇ ನಿಶ್ಚಯವಾಯಿತು. ಅದನ್ನು ಎಲ್ಲಿಂದ ಒಯ್ಯುವುದೆಂದು ನೋಡಿದಾಗ, ಕಲ್ಲಿನ ಗೋಡೆಯನ್ನು ಕೊರೆಯದೆ ಹೋಗಬಹುದಾದ ಸ್ಥಳ ಒಂದೇ: ಚಿಕ್ಕ ಬಾಗಿಲಿನ ಹೊಸ್ತಿಲಿನ ಅಡಿ. ಬೀಗದ ಕೈಯನ್ನು ಎರಡು ಮನೆಗಳಲ್ಲಿಯೂ ಹುಡುಕಿದರು, ಸಿಕ್ಕಲಿಲ್ಲ. ಅಣ್ಣನವರು ಮೇಲಿನಿಂದಲೂ ತಮ್ಮನು ಕೆಳಗಿನಿಂದಲೂ ನಿಂತು, ತುಕ್ಕು ಹಿಡಿದ ಬೀಗವನ್ನು ಗರಗಸದಿಂದ ಕೊಯ್ದರು. ಕೀಲುಗಳಿಗೆ ಎಣ್ಣೆ ಬಿಟ್ಟರು. ಎಂಟು ಮೆಟ್ಟಿಲುಗಳ ಮೇಲಿನ ಒಣಗಿದ ಮಾವಿನ ಎಲೆಗಳನ್ನು ತಮ್ಮನ ಹೆಂಡತಿ ಗುಡಿಸಿದಳು. ಕೇಬಲನ್ನು ಒಂದು ಕೊಳವೆಯೊಳಗೆ ಸೇರಿಸಿ, ಮೂಲೆಗಳಲ್ಲಿ ಮುರಿಯದಂತೆ ವಿಶಾಲವಾಗಿ ಬಳುಕಿಸಿ, ಹೊಸ್ತಿಲಿನಡಿಯಲ್ಲಿ ಹಾಯಿಸಿ ಮಣ್ಣು ಮುಚ್ಚಿದರು.

ಕೆಳಗಿನ ಮನೆಯ ನಡುಮನೆಯಲ್ಲಿ ಬೇರೊಂದು ಚಿಕ್ಕ ಪೆಟ್ಟಿಗೆ ಬಂದಿತು. ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ. ಒಂದರ ದನಿ ಮತ್ತೊಂದಕ್ಕೆ ಅಡ್ಡಬಾರದಂತೆ ಮೇಲಿನದಕ್ಕೆ ೧ನೆಯ ಚಾನಲ್ಲು, ಕೆಳಗಿನದಕ್ಕೆ ೧೧ನೆಯದು. ಯಂತ್ರಗಳಿಗೆ ವಿಳಾಸ ಹಂಚುವ ಅಧಿಕಾರವನ್ನು ಮೇಲಿನ ಪೆಟ್ಟಿಗೆಗೇ ಬಿಟ್ಟು, ಕೆಳಗಿನದರಲ್ಲಿ ಅದನ್ನು ನಿಲ್ಲಿಸಿದರು. ಒಂದು ಸಂಸಾರದಲ್ಲಿ ಲೆಕ್ಕ ಬರೆಯುವವರು ಇಬ್ಬರಾದರೆ ಗೊಂದಲವಲ್ಲವೆ? ಆದರೆ ಮಾತು ಕೇಳುವ ಕೆಲಸಕ್ಕೆ ಮಾತ್ರ ಪ್ರತಿಯೊಂದು ಮನೆಯಲ್ಲಿಯೂ ಹತ್ತಿರದಲ್ಲೇ ಒಂದು ಕಿವಿ ಇರಬೇಕಾಯಿತು. ಬಲವಾದ ರೂಟರಿನ ಶಕ್ತಿಯನ್ನು ಹುಡುಗನು ಹೋಗುವ ಮುನ್ನ ಇಳಿಸಿಯೇ ಹೋದನು. ಅದರಿಂದ ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ತಂತುವಿಲ್ಲದುದು ನಿಸ್ತಂತು ಎಂಬುದು ಪದದ ಅರ್ಥ. ಆದರೆ ನಿಸ್ತಂತುವಿನ ಹಿಂದೆ ಎಲ್ಲಿಯೋ ಒಂದು ತಂತು ಇದ್ದೇ ಇರುವುದು. ವಂಶವನ್ನೂ ತಂತುವೆಂದೇ ಕರೆದ ಪೂರ್ವಿಕರು, ಅದು ಕಡಿಯದಂತೆ ನೋಡಿಕೊಳ್ಳಬೇಕೆಂದರು. ಕಣ್ಣಿಗೆ ಕಾಣದೆ ಹೊಸ್ತಿಲಿನಡಿ ಮಲಗಿರುವ ಎಳೆಯನ್ನು ಯಾರೂ ನೆನೆಯುವುದಿಲ್ಲ. ಕಡಿದ ದಿನ ಮಾತ್ರ ನೆನೆಯುವರು.

ಎರಡು ಕಟ್ಟಡಗಳ ನಡುವೆ ಈ ಸೌಕರ್ಯವನ್ನು ವಿಸ್ತರಿಸಬೇಕೆನ್ನುವ ಗೃಹಸ್ಥರು ಮೊದಲು ಮಾಡಬೇಕಾದ ಕೆಲಸ ಹೊಸ ಪೆಟ್ಟಿಗೆ ಕೊಳ್ಳುವುದಲ್ಲ, ದೂರದ ಮನೆಗೆ ಹೋಗಿ, ಅಲ್ಲಿ ಕುಳಿತು, "ನಿಮ್ಮ ಮಾತು ಅತ್ತ ಮುಟ್ಟುತ್ತಿದೆಯೆ?" ಎಂದು ಕೇಳುವುದು.

ಕೆಲಸ ಮುಗಿದ ದಿನ ಸಂಜೆ ತಾಯಿ ಮಗಳಿಗೆ ಫೋನು ಮಾಡಿಸಿ, ಹಬ್ಬ ಕಳೆದಿದ್ದರೂ ಲೆಕ್ಕಿಸದೆ ಆರತಿಯ ಹಾಡನ್ನು ಮತ್ತೆ ಹೇಳಿದರು. ಅತ್ತಲಿಂದ ಬಹಳ ಹೊತ್ತು ದನಿ ಬರಲಿಲ್ಲ. ಅಣ್ಣನವರು ಗಾಬರಿಯಿಂದ, "ಕೇಳಿಸಿತೇನಮ್ಮ?" ಎಂದು ತಂಗಿಯನ್ನು ಕೇಳಿದರು. "ಕೇಳಿಸಿತು ಅಣ್ಣ, ಪೂರ್ತಿ ಕೇಳಿಸಿತು" ಎಂದಳು ಅವಳು, ಕಣ್ಣೊರಸಿಕೊಂಡು. ಚಿಕ್ಕ ಬಾಗಿಲಿಗೆ ಹೊಸ ಬೀಗ ತರಬೇಕೆಂದು ಆ ರಾತ್ರಿ ಮಾತಾಯಿತು. ನಾಯಿಗಳಿಗೆ ಅಗುಳಿ ಸಾಕೆಂದು ತಮ್ಮನು ಹೇಳಿದನು. ಅಣ್ಣನವರು ಕೇಳಿಕೊಂಡರು, ಬೀಗ ತರಲಿಲ್ಲ.